ಕ್ರೀಡಾಂಗಣ ಕಟ್ಟಿದವರು ಎಲ್ಲಿ ಕುಳಿತಿದ್ದರು?

(ಹತ್ತಿಮತ್ತೂರಿನಲ್ಲಿ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2022ರ ವಿಶ್ವಕಪ್ ಫುಟ್ಬಾಲ್ ನೋಡಲು ಕತಾರ್‌ಗೆ ಹೋಗಿ ಬಂದವನೆಂಬ ಕಾರಣಕ್ಕೆ ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಆಟದ ವರದಿಯನ್ನು ನೀವು ಟಿ.ವಿ.ಯಲ್ಲೇ ನೋಡಿದ್ದೀರಿ. ಟಿ.ವಿ. ತೋರಿಸದ ಒಂದು ಸಂಗತಿಯನ್ನು ಮಾತ್ರ ನಾನು ಹೇಳಬಯಸುತ್ತೇನೆ.

ನವೆಂಬರ್ 20ರಂದು ಅಲ್ ಬೈತ್ ಕ್ರೀಡಾಂಗಣದಲ್ಲಿ, ದೇಹದ ಕೆಳಭಾಗವಿಲ್ಲದೆ ಜನಿಸಿದ ಯುವಕ ಗಾನಿಮ್ ಅಲ್ ಮುಫ್ತಾಹ್ ಸೂರಃ ಅಲ್ ಹುಜುರಾತ್‌ನ ಸೂಕ್ತವನ್ನು ಪಾರಾಯಣ ಮಾಡಿದರು. ಜನಾಂಗ, ಗೋತ್ರಗಳಿರುವುದು ಪರಸ್ಪರ ಅರಿಯುವುದಕ್ಕೇ ಹೊರತು ಮೇಲು ಕೀಳಿಗಲ್ಲ ಎಂಬ ಸಂದೇಶವನ್ನು ಇಡೀ ಜಗತ್ತು ಆಲಿಸಿತು. ನಮ್ಮ ಎದೆ ಉಬ್ಬಿತು, ನಿಜ. ಆದರೆ ಆ ಸಂದೇಶ ಮೊದಲು ಪ್ರಶ್ನಿಸುವುದು ನಮ್ಮನ್ನೇ.

ಡಿಸೆಂಬರ್ 10ರಂದು ಅಲ್ ತುಮಾಮ ಕ್ರೀಡಾಂಗಣದಲ್ಲಿ ಮೊರೊಕ್ಕೊ ತಂಡವು ಪೋರ್ಚುಗಲನ್ನು 1-0 ಗೋಲಿನಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಆಫ್ರಿಕಾದ, ಅರಬ್ ಜಗತ್ತಿನ ಯಾವ ತಂಡವೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ. ಆಟಗಾರ ಸುಫಿಯಾನ್ ಬೂಫಾಲ್ ಮೈದಾನದಲ್ಲೇ ತನ್ನ ತಾಯಿಯೊಂದಿಗೆ ಕುಣಿದರು. ನನಗೆ ಟಿಕೆಟ್ ಸಿಕ್ಕಿರಲಿಲ್ಲ. ನಾನು ಪಂದ್ಯ ನೋಡಿದ್ದು ದೋಹಾದ ಹೊರವಲಯದ ಏಷ್ಯನ್ ಟೌನ್‌ನಲ್ಲಿ, ಕಾರ್ಮಿಕರಿಗಾಗಿ ಹಾಕಿದ್ದ ದೊಡ್ಡ ಪರದೆಯ ಮುಂದೆ.

ಪಕ್ಕದಲ್ಲಿ ಕುಳಿತವನು ನಮ್ಮ ಉತ್ತರ ಕರ್ನಾಟಕದ ಹುಡುಗ. ಕ್ರೀಡಾಂಗಣವೊಂದರಲ್ಲಿ ಕೊಳವೆ ಜೋಡಿಸಿದ್ದನಂತೆ. ಒಳಗೆ ಕುಳಿತು ಪಂದ್ಯ ನೋಡಿದ್ದೀಯಾ ಎಂದು ಕೇಳಿದೆ. ನಕ್ಕ. ವೀಸಾಕ್ಕಾಗಿ ಏಜೆಂಟನಿಗೆ ಕೊಟ್ಟ ಹಣಕ್ಕೆ ತಾಯಿಯ ಬಂಗಾರ ಅಡವಿಟ್ಟಿದ್ದು, ಅದನ್ನು ಬಿಡಿಸಲು ಎರಡು ವರ್ಷ ಹಿಡಿಯಿತಂತೆ. ಬೂಫಾಲ್‌ನ ತಾಯಿ ಪರದೆಯ ಮೇಲೆ ಕುಣಿಯುತ್ತಿದ್ದಾಗ ಅವನು ತನ್ನ ತಾಯಿಗೆ ಫೋನ್ ಮಾಡುತ್ತಿದ್ದ.

ಕಾರ್ಮಿಕರ ಸಾವಿನ ಬಗ್ಗೆ ಯುರೋಪಿನ ಪತ್ರಿಕೆಗಳು ಬಹಳ ಬರೆದವು. ಅವುಗಳಲ್ಲಿ ಪೂರ್ವಗ್ರಹವಿರಲಿಲ್ಲವೆಂದು ನಾನು ಹೇಳಲಾರೆ. ಆದರೆ 2014ರಿಂದ 2020ರ ವರೆಗೆ ದೇಶದಾದ್ಯಂತ ಕೆಲಸದ ವೇಳೆ 414 ಮಂದಿ ಮೃತಪಟ್ಟರೆಂಬುದು ಸಂಘಟನಾ ಸಮಿತಿಯೇ ಒಪ್ಪಿದ ಲೆಕ್ಕ. ಮಾಲೀಕನ ಅನುಮತಿಯಿಲ್ಲದೆ ಕೆಲಸ ಬದಲಿಸುವ ಹಕ್ಕು 2020ರಲ್ಲಿ ಬಂತು. 1000 ರಿಯಾಲ್ ಕನಿಷ್ಠ ವೇತನ 2021ರ ಮಾರ್ಚ್‌ನಲ್ಲಿ ಜಾರಿಯಾಯಿತು. ಇದು ಸ್ವಾಗತಾರ್ಹ. ಆದರೆ ಬೆವರು ಆರುವ ಮುನ್ನವೇ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ ಸಮುದಾಯಕ್ಕೆ ಈ ಪಾಠವನ್ನು ಅನ್ಯರು ನೆನಪಿಸಬೇಕಾಯಿತೇಕೆ?

ಕತಾರನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಾರ್ಮಿಕನಿಂದ ನೇಮಕಾತಿ ಶುಲ್ಕ ಪಡೆಯುವುದನ್ನು ಅಲ್ಲಿನ ಕಾನೂನು ನಿಷೇಧಿಸಿದೆ. ಆ ಹುಡುಗನ ಹಣ ತಿಂದವನು ಅರಬನಲ್ಲ; ನಮ್ಮದೇ ಭಾಷೆಯಾಡುವ, ನಮ್ಮದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುವ ಏಜೆಂಟ್. ಅವನ ದಾನದಿಂದ ನಮ್ಮ ಮಸೀದಿಗಳಿಗೆ ಫ್ಯಾನ್ ಬಂದರೆ ನಾವು ಅವನನ್ನು ಪ್ರಶ್ನಿಸುವುದಿಲ್ಲ.

ಹದಿನಾಲ್ಕನೇ ಶತಮಾನದಲ್ಲಿ ಇದೇ ಮೊರೊಕ್ಕೊದಿಂದ ಹೊರಟ ಇಬ್ನು ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದರು. ಅವರು ಸುಲ್ತಾನನ ವೈಭವವನ್ನಷ್ಟೇ ಬರೆಯಲಿಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ಎಣಿಸಿ ಬರೆದರು. ಪ್ರವಾಸಿಯ ಕಣ್ಣು ಹಾಗಿರಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೇ. 1983ರ ವಲಸೆ ಕಾಯ್ದೆಯ ಪ್ರಕಾರ ಏಜೆಂಟನಿಗೆ ನೋಂದಣಿ ಕಡ್ಡಾಯ. ಮಗನನ್ನು ಗಲ್ಫ್‌ಗೆ ಕಳುಹಿಸುವ ಮುನ್ನ ಅದನ್ನು ಕೇಳಿ ನೋಡಿ, ಒಪ್ಪಂದಪತ್ರವನ್ನು ಓದಿಸಿ. ಓದಬಲ್ಲ ನಾಲ್ಕು ಯುವಕರನ್ನು ಪ್ರತಿ ಜಮಾಅತ್ ಈ ಸೇವೆಗೆ ನೇಮಿಸಲಿ. ಮತ್ತು ಇಂದು ನಿಮ್ಮ ಮನೆಯ ಗೋಡೆ ಕಟ್ಟುತ್ತಿರುವವನ ಕೂಲಿಯನ್ನು ನಾಳೆಗೆ ಉಳಿಸಬೇಡಿ.

ಅಲ್ಲಾಹನು ನಮಗೆ ಸನ್ಮಾರ್ಗ ತೋರಲಿ. ವಸ್ಸಲಾಮ್.