ಒಂದು ಮಾತ್ರೆಯ ಹಿಂದಿನ ತಾಳ್ಮೆ
(ವಾರ್ಷಿಕ ಜಾತ್ರೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕ್ಯಾನ್ಸರ್ ಎಂಬ ಹೆಸರು ಕೇಳಿದರೆ ಸಾಕು, ಮನೆಮಂದಿಯ ಕೈಕಾಲು ತಣ್ಣಗಾಗುತ್ತದೆ. ನೆರೆಮನೆಗೂ ಹೇಳದೆ ಮುಚ್ಚಿಡುವವರುಂಟು. ಆದರೆ ಈ ರೋಗದ ಒಂದು ಬಗೆಯನ್ನು ದಿನನಿತ್ಯದ ಮಾತ್ರೆಯಿಂದ ಹತೋಟಿಗೆ ತಂದ ಸಂಗತಿ ಎಲ್ಲರೂ ತಿಳಿಯತಕ್ಕದ್ದಾಗಿದೆ.

ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯ ಎಂಬುದು ರಕ್ತದ ಕ್ಯಾನ್ಸರ್. ಈ ರೋಗಿಗಳ ರಕ್ತಕಣಗಳಲ್ಲಿ ಒಂದು ವರ್ಣತಂತು ಗಿಡ್ಡವಾಗಿರುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫೋರ್ಡ್ ಕಂಡರು. 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲು ಬದಲಾಗಿವೆಯೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಇದರಿಂದ ಹುಟ್ಟುವ ಒಂದು ಕೆಟ್ಟ ಪ್ರೋಟೀನು ಬಿಳಿರಕ್ತಕಣಗಳಿಗೆ ಎಡೆಬಿಡದೆ 'ಹೆಚ್ಚು, ಹೆಚ್ಚು' ಎಂದು ಆಜ್ಞೆ ಕೊಡುತ್ತಿರುತ್ತದೆ.

ಹಳೆಯ ಮದ್ದುಗಳು ಕಳೆಯೊಂದಿಗೆ ಪೈರನ್ನೂ ಸುಡುತ್ತಿದ್ದವು. ಕಳೆಯನ್ನು ಮಾತ್ರ ಹಿಡಿಯುವ ಮದ್ದು ಬೇಕಿತ್ತು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಕಂಪೆನಿಯಲ್ಲಿ ನಿಕೋಲಸ್ ಲೈಡನ್ ಅವರ ತಂಡ ಈ ಕೆಲಸಕ್ಕಿಳಿಯಿತು. ತಂಡದಲ್ಲಿದ್ದ ಯುವ ರಸಾಯನ ವಿಜ್ಞಾನಿ ಯೂರ್ಗ್ ಝಿಮ್ಮರ್‌ಮನ್. ಅವರು ಒಂದೊಂದೇ ವಸ್ತು ತಯಾರಿಸುವುದು, ಎಲಿಸಬೆತ್ ಬುಕ್‌ಡುಂಗರ್ ಮೊದಲಾದವರು ಪರೀಕ್ಷಿಸುವುದು, ಫಲ ನೋಡಿ ಮತ್ತೆ ತಿದ್ದುವುದು, ಹೀಗೆ ನಡೆಯಿತು. ಮೊದಲಿನ ವಸ್ತು ಬೇಡದ ಇನ್ನೊಂದು ಪ್ರೋಟೀನನ್ನೂ ತಡೆಯುತ್ತಿತ್ತು. ಮೀಥೈಲ್ ಎಂಬ ಸಣ್ಣ ಗುಂಪೊಂದನ್ನು ಸರಿಯಾದ ಜಾಗದಲ್ಲಿ ಸೇರಿಸಿದಾಗ ಆ ದೋಷ ಹೋಯಿತು. ಆದರೆ ವಸ್ತು ನೀರಿನಲ್ಲಿ ಕರಗದಿದ್ದರೆ ಬಾಯಿಯಿಂದ ನುಂಗಿ ಪ್ರಯೋಜನವೇನು? ಅದಕ್ಕಾಗಿ ಪಿಪರಜೀನ್ ಎಂಬ ಇನ್ನೊಂದು ಭಾಗವನ್ನು ಜೋಡಿಸಿದರು. ಹೀಗೆ ಸಿದ್ಧವಾದ ಇಮಾಟಿನಿಬ್, ಬೀಗದ ತೂತಿನಲ್ಲಿ ಕುಳಿತು ನಿಜವಾದ ಕೀಲಿಕೈಗೆ ಜಾಗ ಕೊಡದಂತೆ, ಕೆಟ್ಟ ಪ್ರೋಟೀನಿನ ಶಕ್ತಿಯ ದಾರಿಯನ್ನೇ ಮುಚ್ಚುತ್ತದೆ.

ರೋಗಿಗಳು ಕಡಿಮೆ, ಲಾಭವೂ ಕಡಿಮೆಯೆಂದು ಕಂಪೆನಿಯಲ್ಲಿ ಹಿಂಜರಿಕೆಯಿತ್ತು. ಅಮೆರಿಕದ ವೈದ್ಯ ಬ್ರಯಾನ್ ಡ್ರುಕರ್ ಪಟ್ಟು ಬಿಡಲಿಲ್ಲ. 1998ರಲ್ಲಿ ರೋಗಿಗಳ ಮೇಲೆ ಪ್ರಯೋಗ ಆರಂಭವಾಯಿತು. ತಕ್ಕ ಪ್ರಮಾಣದಲ್ಲಿ ಮದ್ದು ಸಿಕ್ಕಿದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಲೆಕ್ಕ ಸರಿಯಾಯಿತು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.

ಬೆಲೆಯ ಮಾತು ಬೇರೆ. 2013ರ ಹೊತ್ತಿಗೆ ಮೂಲ ಕಂಪೆನಿಯ ಮಾತ್ರೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1,20,000 ರೂಪಾಯಿ ಇತ್ತು. ನಮ್ಮ ದೇಶದ ಕಂಪೆನಿಗಳ ಮಾತ್ರೆಗೆ ಆಗ ಸುಮಾರು 8ರಿಂದ 10 ಸಾವಿರ ಇತ್ತು. ಪೇಟೆಂಟ್ ಬೇಕೆಂಬ ನೋವಾರ್ಟಿಸ್ ಕಂಪೆನಿಯ ವಾದವನ್ನು ಸುಪ್ರೀಂ ಕೋರ್ಟು 2013ರ ಎಪ್ರಿಲ್ 1ರಂದು ತಳ್ಳಿಹಾಕಿತು. ಬಡವನ ಮನೆಗೂ ಮದ್ದು ತಲಪುವ ದಾರಿ ತೆರೆದೇ ಉಳಿಯಿತು.

ಎಲ್ಲ ಕ್ಯಾನ್ಸರಿಗೂ ಇದೇ ಮದ್ದಲ್ಲ. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಿದರೆ ರೋಗ ಮರಳಬಹುದು. ಬಹುದಿನದ ಸುಸ್ತು, ತೂಕ ಇಳಿಯುವುದು, ಎಡಪಕ್ಕೆಯ ಕೆಳಗೆ ಭಾರ, ಇವು ಕಂಡರೆ ರಕ್ತಪರೀಕ್ಷೆಗೆ ತಡಮಾಡಬಾರದು. ಹರಕೆಯೂ ಇರಲಿ, ಆಸ್ಪತ್ರೆಯೂ ಇರಲಿ, ಒಂದಕ್ಕೊಂದು ವಿರೋಧವಿಲ್ಲ. ರಸಾಯನಶಾಸ್ತ್ರ ಕಷ್ಟವೆಂದು ದೂರುವ ಮಕ್ಕಳಿಗೆ, ಒಂದು ಸಣ್ಣ ಗುಂಪಿನ ಜಾಗ ಸರಿಯಾದುದರಿಂದ ಎಷ್ಟು ಮನೆಗಳ ದೀಪ ಉಳಿಯಿತೆಂಬುದನ್ನು ಹೇಳಿಕೊಡಿ.