ಚಿತ್ರಕಲೆಗೆ ಕಂಪ್ಯೂಟರ್: ಕೊಳ್ಳುವ ಮುನ್ನ ಒಂದು ಲೆಕ್ಕ



ಮೈಸೂರಿನ ಸಿದ್ಧಾರ್ಥನಗರದಲ್ಲಿ ಸರ್ಕಾರದ ದೃಶ್ಯಕಲಾ ಕಾಲೇಜಿದೆ. ಎಲ್ಲರ ಬಾಯಲ್ಲೂ ಅದು ‘ಕಾವಾ’. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಿಂದ ಬೆಳೆದು ಬಂದ ವಿದ್ಯಾಲಯ ಅದು. ಅಲ್ಲಾಗಲಿ, ನಾಡಿನ ಬೇರೆ ಕಲಾ ಶಾಲೆಗಳಲ್ಲಾಗಲಿ ಓದುವವರಿಗೆ ಇಂದು ಕುಂಚ, ಕಾಗದಗಳ ಜೊತೆಗೆ ಕಂಪ್ಯೂಟರೂ ಬೇಕಾಗಿದೆ. ಭಿತ್ತಿಪತ್ರ, ಪುಸ್ತಕದ ಮುಖಪುಟ, ಚಲಿಸುವ ಚಿತ್ರ ಇವೆಲ್ಲ ಈಗ ಅದರ ಮೇಲೆಯೇ ರೂಪುಗೊಳ್ಳುತ್ತವೆ.

ಆದರೆ ಕುಂಚ ಕೊಳ್ಳುವಷ್ಟು ಸುಲಭವಲ್ಲ ಕಂಪ್ಯೂಟರ್ ಕೊಳ್ಳುವುದು. ಎಷ್ಟೋ ಮನೆಗಳಲ್ಲಿ ಚೀಟಿ ಎತ್ತಿಯೋ, ಸಾಲ ಮಾಡಿಯೋ ಈ ಹಣ ಹೊಂದಿಸುತ್ತಾರೆ. ಅಂಥ ಹಣ ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ಟಿಗೆ ಹೋಗಿ, ಚಿತ್ರ ಅರ್ಧದಲ್ಲೇ ಸ್ಥಗಿತವಾದರೆ ನಷ್ಟ ಯಾರಿಗೆ? ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಲೆಕ್ಕ ಮಾಡೋಣ. ಯಂತ್ರದಿಂದ ಕೆಲಸಕ್ಕೆ ಬರುವುದು ಬೇಡ. ಕೆಲಸದಿಂದ ಯಂತ್ರಕ್ಕೆ ಹೋಗೋಣ.

ಎ3 ಅಳತೆಯ ಒಂದು ಚಿತ್ರವನ್ನು ಮುದ್ರಣಕ್ಕಾಗಿ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಒಳ್ಳೆಯ ಮುದ್ರಣಕ್ಕೆ ಸಾಮಾನ್ಯವಾಗಿ ಅಂಗುಲಕ್ಕೆ 300 ಚುಕ್ಕೆಗಳಂತೆ ಲೆಕ್ಕ ಹಾಕುತ್ತಾರೆ. ಹಾಗಾದರೆ ಚಿತ್ರದ ಅಗಲ 3508 ಚುಕ್ಕೆ, ಉದ್ದ 4961 ಚುಕ್ಕೆ. ಗುಣಿಸಿ ನೋಡಿ, ಸುಮಾರು 1 ಕೋಟಿ 74 ಲಕ್ಷ. ಈ ಚುಕ್ಕೆಯೇ ಪಿಕ್ಸೆಲ್. ಕೆಂಪು, ಹಸಿರು, ನೀಲಿ ಮತ್ತು ಪಾರದರ್ಶಕತೆಗೆ ಒಂದೊಂದರಂತೆ ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಬೇಕು. ಅಂದರೆ ಒಂದು ಪದರಕ್ಕೆ ಸುಮಾರು 70 ಮೆಗಾಬೈಟ್.

ಪದರವೆಂದರೇನು? ಮೈಸೂರು ಸಂಪ್ರದಾಯದ ಚಿತ್ರವನ್ನು ನೆನಪಿಸಿಕೊಳ್ಳಿ. ಮೊದಲು ರೇಖೆ, ಅದರ ಮೇಲೆ ಗೆಸ್ಸೋ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು, ಬಳಿಕ ಬಣ್ಣ. ಹಲಗೆಯ ಮೇಲೆ ಇವೆಲ್ಲ ಒಂದಾಗಿ ಬೆರೆತುಬಿಡುತ್ತವೆ. ಕಂಪ್ಯೂಟರಿನಲ್ಲಿ ಪ್ರತಿ ಪದರವೂ ಬೇರೆಯಾಗಿಯೇ ಉಳಿಯುತ್ತದೆ. ಬೇಕೆಂದಾಗ ಒಂದನ್ನೇ ತಿದ್ದಬಹುದು. ಆ ಅನುಕೂಲಕ್ಕೆ ತೆರುವ ಬೆಲೆ ರ‍್ಯಾಮ್, ಅಂದರೆ ಯಂತ್ರದ ತಾತ್ಕಾಲಿಕ ನೆನಪು. 40 ಪದರಗಳೂ ಪೂರ್ತಿ ತುಂಬಿದ್ದರೆ 2800 ಮೆಗಾಬೈಟ್, ಅಂದರೆ 2.8 ಗಿಗಾಬೈಟ್ ಆಯಿತು. ಬಣ್ಣದ ಸೂಕ್ಷ್ಮತೆಯನ್ನು 8 ಬಿಟ್‌ನಿಂದ 16 ಬಿಟ್‌ಗೆ ಏರಿಸಿದರೆ ಇದು ಇಮ್ಮಡಿ. ಅಂಗುಲಕ್ಕೆ 300ರ ಬದಲು 600 ಚುಕ್ಕೆ ಎಂದರೆ ನಾಲ್ಕು ಪಟ್ಟು. ಇದಲ್ಲದೆ ‘ಹಿಂದಿನದಕ್ಕೆ ಮರಳು’ ಎಂದಾಗ ಒದಗಲೆಂದು ಹಳೆಯ ಹಂತಗಳನ್ನೂ ತಂತ್ರಾಂಶ ಕಾಪಾಡಬೇಕು. ಆದ್ದರಿಂದ 8 ಗಿಗಾಬೈಟ್ ರ‍್ಯಾಮ್ ಬೇಗನೆ ಸಾಲದಾಗುತ್ತದೆ. 16 ಇರಲಿ, ದೊಡ್ಡ ಚಿತ್ರಗಳಿಗೆ 32 ನೆಮ್ಮದಿ. ಇಂದು ಅಷ್ಟು ಹಣವಿಲ್ಲವೇ? ಮದರ್‌ಬೋರ್ಡಿನಲ್ಲಿ ಖಾಲಿ ಸ್ಲಾಟ್ ಉಳಿಯುವಂತೆ ಕೊಳ್ಳಿ, ಮುಂದೆ ಸೇರಿಸಬಹುದು. ಮೇಜಿನ ಕಂಪ್ಯೂಟರಿನ ದೊಡ್ಡ ಗುಣವೇ ಇದು.

ಇನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್. ಅಂಗಡಿಯವರು ಹೆಚ್ಚು ಮಾತನಾಡುವುದು ಇವುಗಳ ಬಗ್ಗೆಯೇ. ಕುಂಚದ ಗೆರೆ ಕೈಯ ಹಿಂದೆಯೇ ಓಡಿ ಬರಬೇಕಾದರೆ ಪ್ರೊಸೆಸರಿನ ಒಂದೊಂದು ಕೋರ್‌ನ ವೇಗ ಮುಖ್ಯ. ಕೋರ್‌ಗಳ ಸಂಖ್ಯೆ ಅಷ್ಟಾಗಿ ಅಲ್ಲ. ಸಮತಲ ಚಿತ್ರವಷ್ಟೇ ಬರೆಯುವವರಿಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಬಹುಮಟ್ಟಿಗೆ ಸಾಕು. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಮೂರು ಆಯಾಮದ ಚಿತ್ರ, ಆನಿಮೇಷನ್ ಮಾಡುವವರಿಗೆ ಮಾತ್ರ ಪ್ರತ್ಯೇಕ ಕಾರ್ಡ್ ನಿಜವಾದ ಅಗತ್ಯ.

ಹೆಚ್ಚಿನವರು ಕೊನೆಗೆ ನೋಡುವ ಮಾನಿಟರನ್ನು ನೀವು ಮೊದಲು ನೋಡಿ. ಐಪಿಎಸ್ ಪರದೆಯಾಗಿರಲಿ, ಎಸ್‌ಆರ್‌ಜಿಬಿ ಬಣ್ಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೋರುವಂತಿರಲಿ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಮುಖಚಿತ್ರ ತೆರೆಸಿ, ಎಡಕ್ಕೆ ಬಲಕ್ಕೆ ಸರಿದು ನೋಡಿ. ಚರ್ಮದ ಬಣ್ಣ ಬದಲಾದಂತೆ ಕಂಡರೆ ಆ ಪರದೆ ನಿಮಗಲ್ಲ. ಪರದೆಯ ಬಣ್ಣ ಬೆಳಕಿನದು, ಮುದ್ರಣದ ಬಣ್ಣ ಶಾಯಿಯದು ಎಂಬುದನ್ನೂ ಮರೆಯಬೇಡಿ. ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗುವುದು ಇದರಿಂದಲೇ.

ಕೈಗೆ ಪೆನ್ ಟ್ಯಾಬ್ಲೆಟ್ ಬೇಕು. ಒತ್ತಿದಷ್ಟು ಗೆರೆ ದಪ್ಪವಾಗುವ ಗುಣ ಮೌಸಿಗಿಲ್ಲ. ಪರದೆಯಿಲ್ಲದ ಸಣ್ಣ ಟ್ಯಾಬ್ಲೆಟ್ಟಿನಿಂದಲೇ ಆರಂಭಿಸಿ. ಕೈ ಒಂದು ಕಡೆ, ಕಣ್ಣು ಒಂದು ಕಡೆ ಎಂಬ ತೊಡಕು ಅಭ್ಯಾಸದಿಂದ ಹೋಗುತ್ತದೆ. ತಂತ್ರಾಂಶಕ್ಕೂ ಹಣ ಸುರಿಯಬೇಕಿಲ್ಲ. ಕ್ರಿಟಾ, ಗಿಂಪ್, ಇಂಕ್‌ಸ್ಕೇಪ್, ಬ್ಲೆಂಡರ್ ಇವೆಲ್ಲ ಮುಕ್ತ ತಂತ್ರಾಂಶಗಳು. ಬೆಲೆಯಿಲ್ಲದೆ ದೊರೆಯುವಾಗ ಕದ್ದ ಪ್ರತಿ ಏಕೆ?

ಹಣ ಇನ್ನೂ ಕಡಿಮೆಯಿದ್ದರೆ ಕಚೇರಿಗಳು ಬಳಸಿ ಬಿಟ್ಟ ಕಂಪ್ಯೂಟರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ 8ನೇ ಪೀಳಿಗೆಗಿಂತ ಹಳೆಯ ಬಹುಪಾಲು ಪ್ರೊಸೆಸರ್‌ಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಅಂಥ ಯಂತ್ರ ಕೊಂಡರೆ ಲಿನಕ್ಸ್ ಹಾಕಿಸಿ. ಮೇಲೆ ಹೇಳಿದ ತಂತ್ರಾಂಶಗಳೆಲ್ಲ ಅದರಲ್ಲೂ ನಡೆಯುತ್ತವೆ.

ಎರಡು ವಸ್ತುಗಳಲ್ಲಿ ಉಳಿತಾಯ ಬೇಡ. ಒಂದು, ಎಸ್‌ಎಂಪಿಎಸ್ ಮತ್ತು ಯುಪಿಎಸ್. ಮೇಜಿನ ಕಂಪ್ಯೂಟರಿಗೆ ಬ್ಯಾಟರಿ ಇಲ್ಲ. ಕರೆಂಟು ಹೋದ ಕ್ಷಣ ಉಳಿಸದ ಚಿತ್ರವೂ ಹೋಗುತ್ತದೆ. ಎರಡು, ನಕಲು. ಕೆಲಸಕ್ಕೆ ಎಸ್‌ಎಸ್‌ಡಿ ಇರಲಿ, ಪ್ರತಿ ವಾರ ಇನ್ನೊಂದು ಡಿಸ್ಕಿಗೆ ನಕಲು ಹೋಗಲಿ. ಡಿಸ್ಕು ಹೇಳಿ ಕೇಳಿ ಕೆಡುವುದಿಲ್ಲ. ವರ್ಷವಿಡೀ ಬರೆದ ಚಿತ್ರಗಳು ಪರೀಕ್ಷೆಯ ಹಿಂದಿನ ದಿನ ಇಲ್ಲವಾದರೆ ಯಾವ ವಾರಂಟಿಯೂ ಅವನ್ನು ಮರಳಿ ಕೊಡುವುದಿಲ್ಲ.

ಹಾಗಾದರೆ ಹಣ ಹಂಚುವ ಕ್ರಮವೇನು? ಪರದೆ ಮತ್ತು ಪೆನ್ನು ಮೊದಲು, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಆಮೇಲೆ, ಪ್ರೊಸೆಸರ್ ಅದರ ನಂತರ, ಥಳಕು ಎಲ್ಲಕ್ಕಿಂತ ಕೊನೆಗೆ. ಅಂಗಡಿಗೆ ಹೋಗುವಾಗ ನಿಮ್ಮ ಅತಿ ಭಾರದ ಚಿತ್ರವೊಂದನ್ನು ಪೆನ್ ಡ್ರೈವ್‌ನಲ್ಲಿ ಒಯ್ದು, ಅಲ್ಲಿಯೇ ತೆರೆಸಿ, ನಾಲ್ಕು ಗೆರೆ ಎಳೆದು ನೋಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಹೆಸರು, ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಅಂಗಡಿಯವರು ಏನು ಬೇಕೆಂದು ಕೇಳಿದಾಗ ಕಂಪೆನಿಯ ಹೆಸರು ಹೇಳಬೇಡಿ; ನೀವು ಮಾಡುವ ಕೆಲಸ ಹೇಳಿ.