ಅಮೆರಿಕಾದ ಗಡಿಯಾರ ಸರಿದ್ರ ಕದರಮಂಡಲಗಿಯೊಳಗ ಏನು ಕೆಲಸ?

ಕದರಮಂಡಲಗಿ ಮನಿಯೊಳಗ ಕುಂತು ನ್ಯೂಯಾರ್ಕ್ ಆಫೀಸಿನ ಕೆಲಸ ಮಾಡೋರಿರಲಿ, ಬ್ಯಾಡಗಿಯಿಂದ ಲಂಡನ್ನಿನ ಗಿರಾಕಿಗೆ ಮೆಣಸಿನಕಾಯಿ ರೇಟು ಹೇಳೋರಿರಲಿ, ವರ್ಷಕ್ಕ ಎರಡು ಸಲ ತ್ರಾಸು ತಪ್ಪಿದ್ದಲ್ಲ. ರಾತ್ರಿ ಎಂಟೂವರಿ ಮೀಟಿಂಗ್ ಅಂತ ಉಂಡು ಬಂದು ಲ್ಯಾಪ್‌ಟಾಪ್ ತಗದ್ರ, ಅದು ಏಳೂವರಿಗೇ ಶುರುವಾಗಿ ಮುಗದಿರ್ತೈತಿ.

ಕಾರಣ, ಡೇಲೈಟ್ ಸೇವಿಂಗ್ ಟೈಮ್. ಬ್ಯಾಸಿಗ್ಯಾಗ ಸಂಜಿ ಬೆಳಕು ಇನ್ನೊಂದು ತಾಸು ಸಿಗಲಿ ಅಂತ ಅಲ್ಲಿ ಗಡಿಯಾರ ಮುಂದ ಮಾಡ್ತಾರ, ಚಳಿಗಾಲಕ್ಕ ಹಿಂದ ತರ್ತಾರ. ಎರಡನೇ ಮಹಾಯುದ್ಧದ ಕಾಲಕ್ಕ, 1942ರಿಂದ 1945ರ ತನಕ, ಭಾರತದಾಗೂ ಗಡಿಯಾರ ಒಂದು ತಾಸು ಮುಂದ ಇತ್ತು. ಈಗ ನಮ್ಮದು ಅಲುಗಾಡೋದಿಲ್ಲ, ಅವರದು ಸರೀತೈತಿ. ಹಂಗಾಗಿ ನ್ಯೂಯಾರ್ಕಿಗೂ ನಮಗೂ ಚಳಿಗಾಲದಾಗ ಹತ್ತೂವರಿ ತಾಸಿನ ಅಂತರ, ಬ್ಯಾಸಿಗ್ಯಾಗ ಒಂಬತ್ತೂವರಿ.

ಎಲ್ಲಾರೂ ಒಂದೇ ದಿನ ಸರಿಸಿದ್ರ ಚಿಂತಿ ಇರಲಿಲ್ಲ. ಅಮೆರಿಕಾದ್ದು ಮಾರ್ಚಿನ ಎರಡನೇ ರವಿವಾರ, ಬ್ರಿಟನ್ ಮತ್ತ ಯುರೋಪಿಂದು ಮಾರ್ಚಿನ ಕಡೇ ರವಿವಾರ. 2025ರಾಗ ನ್ಯೂಯಾರ್ಕ್ ಮಾರ್ಚ್ 9ಕ್ಕ ಸರೀತು, ಲಂಡನ್ 30ಕ್ಕ. ನಡುವಿನ ಮೂರು ವಾರ ಆ ಎರಡೂರಿನ ಅಂತರ ಐದು ತಾಸು ಹೋಗಿ ನಾಕಾತು. ಹಿಂದ ತರೋದೂ ಹಂಗ, ಯುರೋಪು ಅಕ್ಟೋಬರಿನ ಕಡೇ ರವಿವಾರ, ಅಮೆರಿಕಾ ನವೆಂಬರಿನ ಮೊದಲನೇ ರವಿವಾರ. ದುಬೈದಾಗ ಈ ಗೊಡವಿನೇ ಇಲ್ಲ.

ಈಗ ಕಂಪ್ಯೂಟರಿಗೆ ಬರೋಣು. ಮೊದಲನೇದು, ಕ್ಯಾಲೆಂಡರ್ ಇರಲಿ, ಸಾಫ್ಟ್‌ವೇರ್ ಇರಲಿ, "ನ್ಯೂಯಾರ್ಕ್ ಟೈಮಿಗೆ ಹತ್ತೂವರಿ ತಾಸು ಕೂಡಿಸು" ಅಂತ ಬರದಿಡಬ್ಯಾಡ್ರಿ. ಊರಿನ ಹೆಸರು ಕೊಡ್ರಿ: ಅಮೆರಿಕಾ/ನ್ಯೂಯಾರ್ಕ್, ಯುರೋಪ್/ಲಂಡನ್, ಏಷ್ಯಾ/ಕೋಲ್ಕತಾ. ಯಾವ ದಿನ ಎಷ್ಟು ಅಂತರ ಅನ್ನೋ ಲೆಕ್ಕ ಕಂಪ್ಯೂಟರ್ ಮಾಡ್ಲಿ. ಆಗಿಹೋದ ವ್ಯವಹಾರದ ಸಮಯ ಯುಟಿಸಿಯೊಳಗ, ಅಂದ್ರ ಎಲ್ಲಾ ಊರಿಗೂ ಒಂದೇ ಇರೋ ಜಾಗತಿಕ ಸಮಯದೊಳಗ, ಇಡ್ರಿ. ಮುಂದಿನ ಮೀಟಿಂಗಿಗೆ ಮಾತ್ರ ಅಲ್ಲಿಯ ಗಂಟೆ, ಊರಿನ ಹೆಸರು, ಎರಡೂ ಇರಬೇಕು. ಯಾಕಂದ್ರ ನಾಳೆ ಆ ಸರ್ಕಾರ ಕಾನೂನು ಬದಲಿಸಿದ್ರೂ ಅವರ ಮುಂಜಾನಿ ಹತ್ತು ಗಂಟೆ ಹತ್ತೇ ಗಂಟೆ.

ಕಾನೂನು ಖರೇನ ಬದಲಾಗ್ತಾವು. ಅಮೆರಿಕಾ 2005ರಾಗ ಕಾನೂನು ಮಾಡಿ, 2007ರಿಂದ ಏಪ್ರಿಲ್ ಬದಲಿ ಮಾರ್ಚಿಗೇ ಗಡಿಯಾರ ಮುಂದ ಮಾಡಿತು. ವಿಂಡೋಸ್, ಔಟ್‌ಲುಕ್, ಜಾವಾ, ಎಲ್ಲಾಕ್ಕೂ ಪ್ಯಾಚ್ ಹಾಕಬೇಕಾತು. ಅವತ್ತು ಒಂದೂವರಿ ವರ್ಷದ ಪುರುಸೊತ್ತು ಇತ್ತು. 2023ರ ಮಾರ್ಚಿನಾಗ ಲೆಬನಾನ್ ಸರ್ಕಾರ ಇನ್ನೆರಡು ಮೂರು ದಿನ ಇರೋವಾಗ ಗಡಿಯಾರ ಸರಿಸೋ ತಾರೀಖು ಮುಂದ ಹಾಕಿತು, ಒಂದು ವಾರದೊಳಗ ಆ ಮಾತೂ ತಿರುಗಿಸಿತು. ಅಲ್ಲಿಯ ಮಂದಿಯ ಕಿಸೆದಾಗಿನ ಫೋನು ಒಂದು ಟೈಮ್, ಆಫೀಸಿನ ಗ್ವಾಡಿ ಗಡಿಯಾರ ಇನ್ನೊಂದು ಟೈಮ್.

ಹಂಗಾಗಿ ಎರಡನೇದು, ಅಪ್‌ಡೇಟ್. ಲಿನಕ್ಸ್, ಆಂಡ್ರಾಯ್ಡ್, ಜಾವಾ, ಇವೆಲ್ಲಾ ಟಿಝೆಡ್ ಡೇಟಾಬೇಸ್ ಅನ್ನೋ, ಊರೂರಿನ ಟೈಮಿನ ನಿಯಮ ಇರೋ ಒಂದೇ ಪಟ್ಟಿ ನೋಡ್ತಾವು. ವಿಂಡೋಸ್ ತನ್ನದೇ ಬ್ಯಾರೆ ಪಟ್ಟಿ ಇಟ್ಕೊಂಡೈತಿ. ಜಾವಾದೊಳಗ ಆ ಪಟ್ಟಿಯ ಸ್ವಂತ ಪ್ರತಿ ಇರ್ತೈತಿ, ಸರ್ವರ್ ಅಪ್‌ಡೇಟ್ ಆದ್ರೂ ಅದು ಹಳೇದೇ ಉಳೀಬಹುದು. ಎರಡನ್ನೂ ಬ್ಯಾರೆಬ್ಯಾರೆ ನೋಡ್ರಿ.

ಮೂರನೇದು, ನಸುಕಿನಾಗ ತಾನಾಗೇ ಓಡೋ ಕೆಲಸ: ಬ್ಯಾಕಪ್, ಬಿಲ್ಲಿಂಗ್. ಮಾರ್ಚಿನ ಆ ರವಿವಾರ ನ್ಯೂಯಾರ್ಕಿನಾಗ ಎರಡು ಹೊಡೀತಿದ್ದಂಗ ಮೂರಾಗ್ತೈತಿ, ಎರಡೂವರಿ ಬರೋದೇ ಇಲ್ಲ. ಎರಡೂವರಿಗೆ ಇಟ್ಟ ಬ್ಯಾಕಪ್ ತಪ್ಪಬಹುದು. ನವೆಂಬರಿನಾಗ ಒಂದೂವರಿ ಎರಡು ಸಲ ಬರ್ತೈತಿ, ಒಮ್ಮೆ ನಮ್ಮ ಮುಂಜಾನಿ ಹನ್ನೊಂದಕ್ಕ, ಮತ್ತೊಮ್ಮೆ ಹನ್ನೆರಡಕ್ಕ. ಆವಾಗ ಒಬ್ಬ ಗಿರಾಕಿಗೆ ಎರಡು ಬಿಲ್ ಹೋದಾವು. ಇಂಥಾ ಕೆಲಸ ಯುಟಿಸಿ ಮ್ಯಾಲೆ ಇಡ್ರಿ, ಇಲ್ಲಾಂದ್ರ ಒಂದರಿಂದ ಮೂರರ ನಡುವ ಏನೂ ಇಡಬ್ಯಾಡ್ರಿ.

ಇಷ್ಟು ಮಾಡ್ರಿ: ಬದಲಾಗೋ ವಾರದ ಶುಕ್ರವಾರ, ಮುಂದಿನ ಸೋಮವಾರದ ಮೀಟಿಂಗ್ ತಗದು, ಅದು ಯಾವ ಊರಿನ ಟೈಮಿಗೆ ಕಟ್ಟೈತಿ ನೋಡ್ರಿ. ನಿಮ್ಮ ಊರಿಗೆ ಕಟ್ಟಿದ್ರ ಅವರು ತಪ್ಪಿಸ್ಕೋತಾರ, ಅವರ ಊರಿಗೆ ಕಟ್ಟಿದ್ರ ನೀವು. ಯಾರ ಹೊತ್ತಿಗೆ ಯಾರು ಹೊಂದ್ಕೋಬೇಕು ಅನ್ನೋದನ್ನ ಯಾವ ಸಾಫ್ಟ್‌ವೇರೂ ಹೇಳೋದಿಲ್ಲ. ಅದನ್ನ ಮೊದಲ ಫೋನ್ ಮಾಡಿ ಮಾತಾಡ್ಕೊಂಡು ಬಿಡ್ರಿ.